ಓದುಗರ ಪ್ರಶ್ನೆ: ಉನಾಯ್ ಎಮೆರಿ ಗೆದ್ದದ್ದೆಲ್ಲಿ, ಎಡವಿದ್ದೆಲ್ಲಿ?

ಸ್ಪೇನಿನ ಫುಟ್‌ಬಾಲ್ ಕೋಚ್ ಉನಾಯ್ ಎಮೆರಿ ಬಗ್ಗೆ ಬಂದ ಪ್ರಶ್ನೆಗಳಿಗೇ ಈ ಸಲದ ಅಂಕಣ. ಒಂದೇ ಅರ್ಥದ ಪತ್ರಗಳನ್ನು ಕೂಡಿಸಿಕೊಂಡಿದ್ದೇವೆ. ಇಲ್ಲಿರುವ ಲೆಕ್ಕವೆಲ್ಲ 2024-25ರ ಸೀಸನ್ ಮುಗಿಯುವವರೆಗಿನದು.

ಪ್ರಶ್ನೆ: ಆಟಗಾರನಾಗಿ ಎಮೆರಿ ಹೆಸರು ಎಲ್ಲೂ ಕೇಳಿಬರುವುದಿಲ್ಲ. ಅಂಥವರ ಕೈಗೆ ಇಷ್ಟು ದೊಡ್ಡ ತಂಡಗಳು ಬಂದದ್ದು ಹೇಗೆ?

ಒಂದೇ ನೆಗೆತಕ್ಕೆ ಬರಲಿಲ್ಲ. ಎಮೆರಿ ಹುಟ್ಟಿದ್ದು 1971ರ ನವೆಂಬರ್ 3ರಂದು, ಬಾಸ್ಕ್ ಪ್ರಾಂತ್ಯದ ಹೊಂದಾರಿಬಿಯಾದಲ್ಲಿ. ಮನೆತನವೇ ಫುಟ್‌ಬಾಲಿನದು. ಅಜ್ಜ, ಅಪ್ಪ ಇಬ್ಬರೂ ಗೋಲ್‌ಕೀಪರ್‌ಗಳು. 1929ರಲ್ಲಿ ಸ್ಪೇನಿನ ಲೀಗ್ ಶುರುವಾದಾಗ ಅದರ ಮೊತ್ತಮೊದಲ ಗೋಲು ಬಿದ್ದದ್ದು ರಿಯಲ್ ಉನಿಯೊನ್ ಬಲೆಗೆ, ಆಗ ಬಲೆಯ ಮುಂದೆ ನಿಂತಿದ್ದವರು ಈ ಅಜ್ಜ ಆಂತೋನಿಯೊ ಎಮೆರಿ.

ಮೊಮ್ಮಗ ಎಡಗಾಲಿನ ಮಿಡ್‌ಫೀಲ್ಡರ್. ರಿಯಲ್ ಸೊಸಿಯೆದಾದ್ ಹಿರಿಯರ ತಂಡದಲ್ಲಿ ಅವರು ಆಡಿದ ಲೀಗ್ ಪಂದ್ಯಗಳು ಐದೇ ಐದು, ಹೊಡೆದ ಗೋಲು ಒಂದು. ಆಮೇಲೆ ತೊಲೆದೊ, ಫೆರೋಲ್, ಲೆಗಾನೆಸ್ ಎಂದು ಎರಡನೇ ದರ್ಜೆಯಲ್ಲೇ ಕಾಲ ಕಳೆದು, ಕೊನೆಗೆ ಮೂರನೇ ದರ್ಜೆಯ ಲೋರ್ಕಾ. 2004ರ ಕೊನೆಯಲ್ಲಿ ಮೊಣಕಾಲು ಕೈಕೊಟ್ಟಿತು. ಆಗ ವಯಸ್ಸು 33. ಸೀಸನ್ ನಡುವೆಯೇ ಅದೇ ತಂಡದ ಕೋಚ್ ಹುದ್ದೆ ಖಾಲಿಯಾಗಿ, ನಿನ್ನೆಯವರೆಗೆ ಜೊತೆಗೆ ಆಡುತ್ತಿದ್ದವರಿಗೇ ಎಮೆರಿ ಕೋಚ್ ಆದರು. ಆರೇ ತಿಂಗಳಲ್ಲಿ ಲೋರ್ಕಾ ಮೊದಲ ಸಲ ಎರಡನೇ ದರ್ಜೆಗೆ ಏರಿತು. ಬಡ್ತಿಯ ಕೊನೆಯ ಹಣಾಹಣಿಯಲ್ಲಿ ಎದುರಾಳಿ ಯಾರು ಗೊತ್ತೆ? ಅಜ್ಜನ ರಿಯಲ್ ಉನಿಯೊನ್.

ಮರುವರ್ಷ ಲೋರ್ಕಾ 5ನೇ ಸ್ಥಾನಕ್ಕೆ ಬಂತು. 2006ರಲ್ಲಿ ಅಲ್ಮೆರಿಯಾ ಸೇರಿ, ಒಂದೇ ವರ್ಷದಲ್ಲಿ ಆ ಕ್ಲಬ್ಬನ್ನು ಸ್ಪೇನಿನ ಮೊದಲ ದರ್ಜೆಯ ಲೀಗ್ ಆದ ಲಾ ಲಿಗಾಗೆ ತಂದು, ಅಲ್ಲಿನ ಮೊದಲ ಸೀಸನ್ನಿನಲ್ಲೇ 8ನೇ ಸ್ಥಾನ. ವಲೆನ್ಸಿಯಾ ಕರೆದದ್ದು ಆಮೇಲೆ, 2008ರಲ್ಲಿ. ಅಂದರೆ ಮೂರೂವರೆ ವರ್ಷದಲ್ಲಿ ಮೂರನೇ ದರ್ಜೆಯಿಂದ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಸ್ಪರ್ಧೆ) ಕನಸಿನ ಕ್ಲಬ್ಬಿಗೆ. ಹೆಸರಿನ ಬಲದಿಂದ ಸಿಕ್ಕಿದ್ದು ಇದರಲ್ಲಿ ಒಂದೂ ಇಲ್ಲ.

ಕೋಚ್ ಆಗುವ ದಾರಿ ಕೇಳಿದವರಿಗೆ ಒಂದು ಮಾತು: ಯುರೋಪಿನಲ್ಲಿ ಈ ಕೆಲಸಕ್ಕೆ ಅಲ್ಲಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎಯ ಪರವಾನಗಿ ಬೇಕು. ಬಿ, ಎ, ಪ್ರೊ ಎಂದು ಒಂದರ ಮೇಲೊಂದು ಮೆಟ್ಟಿಲು. ಸ್ಪೇನಿನ ಮೇಲಿನ ಎರಡು ಲೀಗುಗಳಲ್ಲಿ ಮುಖ್ಯ ಕೋಚ್ ಆಗಿ ಕೂರಲು ಪ್ರೊ ಕಡ್ಡಾಯ. ಆಟ ಚೆನ್ನಾಗಿ ಆಡಿದ್ದೆ ಎಂಬುದು ಅದಕ್ಕೆ ಬದಲಿಯಲ್ಲ.

ಪ್ರಶ್ನೆ: ವಲೆನ್ಸಿಯಾದಲ್ಲಿ ನಾಲ್ಕು ವರ್ಷ ಇದ್ದರೂ ಒಂದು ಕಪ್ಪೂ ಗೆಲ್ಲಲಿಲ್ಲ. ಅದನ್ನು ಸೋಲು ಎನ್ನಬಾರದೆ?

ಕಪ್ ಮಾತ್ರ ಎಣಿಸುವುದಾದರೆ ಎನ್ನಬಹುದು. ಕ್ಲಬ್ಬಿನ ಸ್ಥಿತಿ ನೋಡಿ: ಸಾಲ ಕುತ್ತಿಗೆಯವರೆಗೆ, ಹೊಸ ಕ್ರೀಡಾಂಗಣದ ಕೆಲಸ 2009ರಲ್ಲಿ ಅರ್ಧಕ್ಕೇ ನಿಂತಿತ್ತು. 2010ರಲ್ಲಿ ದಾವಿದ್ ವಿಯಾ ಬಾರ್ಸಿಲೋನಾಕ್ಕೆ, ದಾವಿದ್ ಸಿಲ್ವಾ ಮ್ಯಾಂಚೆಸ್ಟರ್ ಸಿಟಿಗೆ ಹೋದರು. 2011ರಲ್ಲಿ ಹ್ವಾನ್ ಮಾತಾ ಚೆಲ್ಸಿಗೆ. ಹೀಗೆ ಮೂವರನ್ನು ಮಾರಿಯೂ 2010, 2011, 2012ರಲ್ಲಿ ಸತತವಾಗಿ ಮೂರನೇ ಸ್ಥಾನ. ಮೇಲಿದ್ದ ಎರಡು ಎಂದರೆ ಗ್ವಾರ್ದಿಯೋಲಾ ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್. 2009-10ರಲ್ಲಿ ಬಾರ್ಸಿಲೋನಾ 99 ಅಂಕ, ವಲೆನ್ಸಿಯಾ 71. ಆ 28 ಅಂಕದ ಕಂದಕವನ್ನು ಇದ್ದ ದುಡ್ಡಿನಲ್ಲಿ ಮುಚ್ಚುವುದು ಯಾರಿಂದಲೂ ಆಗದ ಮಾತು. ಪ್ರೇಕ್ಷಕರು ಅಸಮಾಧಾನದ ಸೀಟಿ ಹೊಡೆದು ಕಳಿಸಿದರು ಎಂಬುದೂ ನಿಜವೇ.

ನಿಜವಾದ ಸೋಲು ಬೇಕಿದ್ದರೆ 2012ರಲ್ಲಿ ಸೇರಿದ ರಷ್ಯಾದ ಕ್ಲಬ್ ಸ್ಪಾರ್ಟಕ್ ಮಾಸ್ಕೋ ಇದೆ. ಮೈದಾನದಲ್ಲೂ ದುಭಾಷಿಯ ಬಾಯಲ್ಲಿ ಮಾತು; ದಿನಾಮೋ ಎದುರು 5-1ರಿಂದ ಸೋತ ಮೇಲೆ ನವೆಂಬರಿನಲ್ಲೇ ಮನೆಗೆ. ಎಮೆರಿಯ ಕೋಚಿಂಗ್ ಸಣ್ಣ ಸಣ್ಣ ಸೂಚನೆಗಳ ಕೋಚಿಂಗ್. ಎರಡು ಹೆಜ್ಜೆ ಮುಂದೆ, ಭುಜ ಈ ಕಡೆ, ಈಗ ಬೇಡ, ಈಗ. ಇದನ್ನು ಮೂರನೆಯವರ ಮೂಲಕ ಹೇಳಿಸುವಷ್ಟರಲ್ಲಿ ಚೆಂಡು ಇನ್ನೊಂದು ತುದಿ ಮುಟ್ಟಿರುತ್ತದೆ.

ಪ್ರಶ್ನೆ: ಯುರೋಪಾ ಲೀಗ್ ಎಂದರೆ ಎಮೆರಿ ಎನ್ನುತ್ತಾರೆ. ಅದೃಷ್ಟವೋ, ವಿದ್ಯೆಯೋ?

ಯುರೋಪಾ ಎಂದರೆ ಚಾಂಪಿಯನ್ಸ್ ಲೀಗಿನ ಕೆಳಗಿನ ಮೆಟ್ಟಿಲಿನ ಸ್ಪರ್ಧೆ. ಎರಡೂ ಇವೆ, ಆದರೆ ಅದೃಷ್ಟದ ಪಾಲು ಬಾಗಿಲು ತೆರೆಯುವವರೆಗೆ. 2013ರ ಜನವರಿಯಲ್ಲಿ ಸ್ಪೇನಿನ ಸೆವಿಯಾಗೆ ಬಂದರು, ಆ ಸೀಸನ್ ತಂಡ ಮುಗಿಸಿದ್ದು 9ನೇ ಸ್ಥಾನದಲ್ಲಿ. ಮೇಲಿದ್ದ ಮಾಲಗಾಗೆ ಯುಇಎಫ್‌ಎ ನಿಷೇಧ, ರಾಯೊ ವಯೆಕಾನೊಗೆ ಯುರೋಪಿನಲ್ಲಿ ಆಡುವ ಪರವಾನಗಿ ಇಲ್ಲ. ಹಾಗಾಗಿ ಸೆವಿಯಾಗೆ ಅರ್ಹತಾ ಸುತ್ತಿನ ಚೀಟಿ ಸಿಕ್ಕಿತು. ಅಲ್ಲಿಂದ ಫೈನಲ್‌ವರೆಗಿನ ದಾರಿ ಹೇಗಿತ್ತೆಂದರೆ: ಊರಿನ ಎದುರಾಳಿ ಬೆಟಿಸ್‌ಗೆ ತವರಿನಲ್ಲೇ 0-2 ಸೋತು, ಅವರ ಮೈದಾನದಲ್ಲಿ 2-0 ಗೆದ್ದು, ಪೆನಾಲ್ಟಿಯಲ್ಲಿ ಪಾರು. ಪೋರ್ಟೊ ಎದುರು 0-1 ಸೋತು 4-1 ಗೆಲುವು. ಸೆಮಿಫೈನಲ್‌ನಲ್ಲಿ ಹಳೆಯ ವಲೆನ್ಸಿಯಾ: ಮೊದಲ ಲೆಗ್ (ಎರಡು ಪಂದ್ಯಗಳಲ್ಲಿ ಮೊದಲನೆಯದು) 2-0 ಗೆಲುವು, ಎರಡನೆಯದರಲ್ಲಿ 0-3 ಹಿನ್ನಡೆ, 94ನೇ ನಿಮಿಷದಲ್ಲಿ ಎಂಬಿಯಾ ಹೊಡೆದ ಒಂದು ಗೋಲು. ಒಟ್ಟು 3-3. ಹೊರ ಮೈದಾನದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮ ಆಗ ಇತ್ತು (2021-22ರಿಂದ ತೆಗೆದರು), ಅದರ ಮೇಲೆ ಫೈನಲ್. ಟುರಿನ್ನಿನಲ್ಲಿ ಬೆನ್‌ಫಿಕಾ ಎದುರು 0-0, ಪೆನಾಲ್ಟಿಯಲ್ಲಿ 4-2.

ವಿದ್ಯೆ ಏನೆಂದರೆ ತಯಾರಿ. ಎದುರಾಳಿಯ ಪಂದ್ಯಗಳನ್ನು ಕತ್ತರಿಸಿ, ಜಾಗಕ್ಕೆ ತಕ್ಕಂತೆ ಒಬ್ಬೊಬ್ಬ ಆಟಗಾರನಿಗೂ ತೋರಿಸುವುದು. ಎಮೆರಿ ಎಷ್ಟು ವಿಡಿಯೊ ಹಾಕುತ್ತಿದ್ದರೆಂದರೆ ಪಾಪ್‌ಕಾರ್ನ್ ಖಾಲಿಯಾಗುತ್ತಿತ್ತು ಎಂದು ವಲೆನ್ಸಿಯಾದ ಆಟಗಾರ ಹ್ವಾಕಿನ್ ಗೇಲಿ ಮಾಡಿದ್ದು ಪ್ರಸಿದ್ಧ. ಲೀಗಿನಲ್ಲಿ 38 ಪಂದ್ಯ. ಪ್ರತಿ ವಾರ ಹೀಗೆ ಕೂರಿಸಿದರೆ ಆಟಗಾರ ಆಕಳಿಸುತ್ತಾನೆ. ನಾಕೌಟ್‌ನಲ್ಲಿ ಒಬ್ಬನೇ ಎದುರಾಳಿ, ಎರಡು ಪಂದ್ಯ, ನಡುವೆ ಒಂದು ವಾರ. ಮೊದಲ ಲೆಗ್‌ನಲ್ಲಿ ತಪ್ಪಿದ್ದನ್ನು ಎರಡನೆಯದರಲ್ಲಿ ತಿದ್ದಬಹುದು. ಆ ಪದ್ಧತಿಗೆ ಹೇಳಿ ಮಾಡಿಸಿದ ಸ್ಪರ್ಧೆ ಅದು.

2015ರಲ್ಲಿ ವಾರ್ಸಾದಲ್ಲಿ ದ್‌ನಿಪ್ರೊ ಎದುರು 3-2. 2016ರಲ್ಲಿ ಬಾಸೆಲ್‌ನಲ್ಲಿ ಲಿವರ್‌ಪೂಲ್ ಅರ್ಧ ಪಂದ್ಯಕ್ಕೆ 1-0 ಮುಂದಿತ್ತು. ದ್ವಿತೀಯಾರ್ಧ ಶುರುವಾಗಿ 17 ಸೆಕೆಂಡಿಗೆ ಗಮೇರೊ ಗೋಲು, ಆಮೇಲೆ ಕೋಕೆಯ ಎರಡು, 3-1. ಸತತ ಮೂರು ಕಪ್. ಆದರೆ ಅದೇ 2015-16ರಲ್ಲಿ ಲಾ ಲಿಗಾದಲ್ಲಿ ಸೆವಿಯಾ ಹೊರ ಮೈದಾನದಲ್ಲಿ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಹತ್ತೊಂಬತ್ತರಲ್ಲಿ ಸೊನ್ನೆ! ಹೊಗಳುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಲೀಗಿಗಿಂತ ಆ ಕಪ್ಪೇ ಮೇಲೆಂದು ತಂಡ ಆರಿಸಿಕೊಂಡಿತ್ತು ಎಂದೇ ನಮ್ಮ ಲೆಕ್ಕ. ಯುರೋಪಾ ಗೆದ್ದವರಿಗೆ ಮುಂದಿನ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ ಎಂಬ ನಿಯಮ 2015ರಿಂದ ಜಾರಿಯಾಗಿದ್ದರಿಂದ ಆ ಆಯ್ಕೆಯಲ್ಲಿ ದುಡ್ಡಿನ ತರ್ಕವೂ ಇತ್ತು.

ಪ್ರಶ್ನೆ: 4-0 ಗೆದ್ದ ತಂಡ 6-1 ಸೋಲುವುದು ಹೇಗೆ ಸಾಧ್ಯ? ಪಿಎಸ್‌ಜಿ ಅಂದು ಮಾಡಿದ ತಪ್ಪೇನು?

ಸೆವಿಯಾ ಬಿಟ್ಟು ಎಮೆರಿ ಹೋದದ್ದು ಫ್ರಾನ್ಸಿನ ಪಿಎಸ್‌ಜಿಗೆ (ಪ್ಯಾರಿಸ್ ಸೇಂಟ್ ಜರ್ಮೇನ್). ಚಾಂಪಿಯನ್ಸ್ ಲೀಗ್ ನಾಕೌಟ್‌ನಲ್ಲಿ ಎದುರಾಳಿ ಬಾರ್ಸಿಲೋನಾ. 2017ರ ಫೆಬ್ರವರಿ 14, ಪ್ಯಾರಿಸ್. ಪಿಎಸ್‌ಜಿಯ ವೆರಾಟಿ, ರಾಬಿಯೊ, ಮಟ್ವಿಡಿ ಮೂವರೂ ಬಾರ್ಸಿಲೋನಾ ಆಟಗಾರರ ಮೈಮೇಲೆ ಬಿದ್ದು ಆಡಿದರು. ಡಿ ಮರಿಯಾ ಎರಡು, ಡ್ರಾಕ್ಸ್‌ಲರ್ ಒಂದು, ಕವಾನಿ ಒಂದು. ಮಾರ್ಚ್ 8ರಂದು ಕ್ಯಾಂಪ್ ನೋನಲ್ಲಿ ಅದೇ ತಂಡ ತನ್ನ ಪೆನಾಲ್ಟಿ ಬಾಕ್ಸಿನ ಅಂಚಿಗೆ ಹೋಗಿ ನಿಂತುಬಿಟ್ಟಿತು. 3ನೇ ನಿಮಿಷಕ್ಕೇ ಸುವಾರೆಸ್ ಗೋಲು.

ಹಿಂದೆ ಸರಿದು ನಿಲ್ಲುವುದೇ ತಪ್ಪಲ್ಲ, ಎಷ್ಟೋ ತಂಡಗಳು ಹಾಗೆ ಬದುಕುತ್ತವೆ. ಹಾಗೆ ನಿಂತಾಗ ಕಸಿದ ಚೆಂಡನ್ನು ಮುಂದೆ ಹಿಡಿದಿಟ್ಟುಕೊಳ್ಳುವವನೊಬ್ಬ ಬೇಕು. ಇಲ್ಲದಿದ್ದರೆ ಒದ್ದ ಚೆಂಡು ಗೋಡೆಗೆ ಬಡಿದಂತೆ ವಾಪಸು ಬರುತ್ತದೆ. ಡಿಫೆಂಡರ್ ಬಾಕ್ಸಿನೊಳಗೇ ಇರುವುದರಿಂದ ಸಣ್ಣ ತಾಗುವಿಕೆಯೂ ಪೆನಾಲ್ಟಿ, ಬಾಕ್ಸಿನ ಹೊರಗಾದರೆ ಫ್ರೀಕಿಕ್. ಅಂದಿನ ಆರರಲ್ಲಿ ಎರಡು ಪೆನಾಲ್ಟಿ, ಒಂದು ನೇರ ಫ್ರೀಕಿಕ್, ಒಂದು ಕುರ್ಜಾವಾನ ಸ್ವಂತ ಗೋಲು ಎಂಬುದನ್ನು ಗಮನಿಸಿ. 62ನೇ ನಿಮಿಷದಲ್ಲಿ ಕವಾನಿ ಗೋಲು ಹೊಡೆದಾಗ ಹೊರ ಮೈದಾನದ ಗೋಲಿನ ನಿಯಮದಿಂದಾಗಿ ಬಾರ್ಸಿಲೋನಾಕ್ಕೆ ಇನ್ನೂ ಮೂರು ಬೇಕಿತ್ತು. 87 ನಿಮಿಷ ಮುಗಿದರೂ ಆ ಮೂರು ಹಾಗೇ ಬಾಕಿ. ನೇಮಾರ್ ಎರಡು ಹೊಡೆದ, 95ನೇ ನಿಮಿಷದಲ್ಲಿ ಸೆರ್ಜಿ ರೊಬೆರ್ತೊ ಕಾಲು ಚಾಚಿದ. ಆಟ ಮುಗಿಯಿತು.

ರೆಫರಿಯ ಮೇಲೆ ಎಷ್ಟೇ ದೂರಿದ್ದರೂ, ಸಾಲು ಹಿಂದೆ ಸರಿದಾಗ ಅದನ್ನು ಮೇಲೆ ತಳ್ಳುವ ಹೊಣೆ ಬೆಂಚಿನದು. ಎಮೆರಿಯಿಂದ ಅಂದು ಅದು ಆಗಲಿಲ್ಲ. ಮರುವರ್ಷ ಫ್ರಾನ್ಸಿನ ಲೀಗೂ ದೇಶದ ಎರಡು ಕಪ್ಪುಗಳೂ ಬಂದವು. ಆದರೆ ಅಷ್ಟರಲ್ಲಿ 22.2 ಕೋಟಿ ಯೂರೋ ಕೊಟ್ಟು ತಂದ ನೇಮಾರ್ ತಂಡದಲ್ಲಿದ್ದ. ಪೆನಾಲ್ಟಿ ಯಾರು ಹೊಡೆಯಬೇಕೆಂದು ಅವನೂ ಕವಾನಿಯೂ ಮೈದಾನದಲ್ಲೇ ಜಗ್ಗಾಡಿದರು. ಮ್ಯಾಂಚೆಸ್ಟರ್ ಸಿಟಿಯಲ್ಲಿ ನಾಯಕ ಕೋಚ್ ಗ್ವಾರ್ದಿಯೋಲಾ, ಪಿಎಸ್‌ಜಿಯಲ್ಲಿ ನೇಮಾರ್ ಎಂಬರ್ಥದಲ್ಲಿ ಎಮೆರಿಯೇ ಆಮೇಲೆ ಹೇಳಿಕೊಂಡರು. ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಎಂದು ಹೇಳುವ ಕೋಚ್‌ಗೆ ಅಂಥ ಮನೆಯಲ್ಲಿ ಕೆಲಸ ಕಡಿಮೆ.

ಪ್ರಶ್ನೆ: ಆರ್ಸೆನಲ್ ಯಾಕೆ ಒಗ್ಗಲಿಲ್ಲ?

ಪಿಎಸ್‌ಜಿ ಬಿಟ್ಟು ಇಂಗ್ಲೆಂಡಿನ ಆರ್ಸೆನಲ್ ಸೇರಿದ ಮೇಲೆ, 2018-19ರಲ್ಲಿ ಸತತ 22 ಪಂದ್ಯ ಸೋಲದೆ ಆಡಿ, ಕೊನೆಗೆ 70 ಅಂಕದೊಂದಿಗೆ 5ನೇ ಸ್ಥಾನ. ಟಾಟನ್‌ಹ್ಯಾಮ್‌ಗಿಂತ ಒಂದೇ ಅಂಕ ಕಡಿಮೆಯಾಗಿ ಚಾಂಪಿಯನ್ಸ್ ಲೀಗ್ ತಪ್ಪಿತು. ಬಾಕುವಿನ ಯುರೋಪಾ ಫೈನಲ್‌ನಲ್ಲಿ ಚೆಲ್ಸಿಗೆ 4-1 ಸೋಲು. ಎರಡನೇ ವರ್ಷ ತಂಡಕ್ಕೆ ಒಂದು ರೂಪವೇ ಉಳಿಯಲಿಲ್ಲ. ಪ್ರತಿ ಎದುರಾಳಿಗೂ ಬೇರೆ ವ್ಯೂಹ ಎಂಬುದು ನಾಕೌಟ್‌ನಲ್ಲಿ ಚೆಂದ. ವಾರವಾರದ ಲೀಗಿನಲ್ಲಿ ಆಟಗಾರನಿಗೆ ತಾನು ಎಲ್ಲಿ ನಿಲ್ಲಬೇಕೆಂಬುದೇ ಮರೆಯುತ್ತದೆ. ವಾಟ್‌ಫರ್ಡ್ ಎದುರು 2-2 ಆದ ಪಂದ್ಯದಲ್ಲಿ ಆರ್ಸೆನಲ್ ಗೋಲಿನತ್ತ ಬಂದ ಹೊಡೆತಗಳು 31. ಸತತ ಏಳು ಪಂದ್ಯ ಗೆಲುವಿಲ್ಲದೆ 2019ರ ನವೆಂಬರ್ 29ರಂದು ಕೆಲಸ ಹೋಯಿತು.

ಪ್ರಶ್ನೆ: ವಿಲ್ಲಾರಿಯಲ್ ಸರಿಯೋ, ವಿಯಾರಿಯಲ್ ಸರಿಯೋ?

ಆರ್ಸೆನಲ್ ಆದ ಮೇಲೆ ಎಮೆರಿ ಸೇರಿದ ಸ್ಪೇನಿನ ಕ್ಲಬ್ಬಿನ ಹೆಸರಿದು. ಸ್ಪ್ಯಾನಿಷ್‌ನಲ್ಲಿ ಎರಡು ಎಲ್ ಒಟ್ಟಿಗೆ ಬಂದರೆ ಯಕಾರ. ಹಾಗಾಗಿ ಸೆವಿಯಾ, ವಿಯಾರಿಯಲ್. ಅದರ ನಂತರ ಎಮೆರಿ ಹೋದ ಆಸ್ಟನ್ ವಿಲ್ಲಾ ಇಂಗ್ಲೆಂಡಿನದು, ಅದು ವಿಲ್ಲಾ. ಹೊಂದಾರಿಬಿಯಾದ ಹಕಾರವನ್ನು ಅಲ್ಲಿಯವರು ನುಂಗುತ್ತಾರೆ, ಹಕಾರ ನುಂಗುವುದು ನಮಗೇನು ಹೊಸದಲ್ಲ. ಇನ್ನೂ ಪಟ್ಟು ಹಿಡಿದರೆ ವಕಾರವೂ ಅಲ್ಲಿ ಬಕಾರದ ಹತ್ತಿರ ಹೋಗುತ್ತದೆ. ಎಮೆರಿಯ ‘ಗುಡ್ ಈಬ್ನಿಂಗ್’ ಆರ್ಸೆನಲ್ ಅಭಿಮಾನಿಗಳ ನಗೆಗೆ ಗುರಿಯಾದದ್ದು ಅದರಿಂದಲೇ. ನಾವು ಅಷ್ಟು ದೂರ ಹೋಗಿ ಬಿಯಾರಿಯಲ್ ಎಂದು ಬರೆಯುವುದಿಲ್ಲ.

ಪ್ರಶ್ನೆ: 2021ರ ಯುರೋಪಾ ಫೈನಲ್‌ನಲ್ಲಿ ಗೋಲ್‌ಕೀಪರ್‌ಗಳೂ ಪೆನಾಲ್ಟಿ ಹೊಡೆದರಲ್ಲ, ಅದು ಯಾಕೆ?

ಮೊದಲು ಎರಡೂ ಕಡೆ ಐದೈದು. ಸಮವಾದರೆ ಒಂದೊಂದೇ. ಮೈದಾನದಲ್ಲಿರುವ ಎಲ್ಲರೂ, ಕೀಪರ್ ಸೇರಿ, ಒಮ್ಮೆ ಹೊಡೆದು ಮುಗಿಯುವವರೆಗೆ ಯಾರಿಗೂ ಎರಡನೇ ಸರದಿ ಇಲ್ಲ. ಗ್ದಾನ್‌ಸ್ಕ್‌ನಲ್ಲಿ ವಿಯಾರಿಯಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ 1-1 ಆದ ಮೇಲೆ ಸತತ 21 ಹೊಡೆತ ಗೋಲಾದವು. 21ನೆಯದು ವಿಯಾರಿಯಲ್ ಕೀಪರ್ ರುಯಿಯದು. 22ನೆಯದು ಯುನೈಟೆಡ್ ಕೀಪರ್ ಡಿ ಹೇಯಾನದು, ಅದನ್ನು ರುಯಿ ತಡೆದ. 11-10. ಕ್ಲಬ್ಬಿನ ಮೊದಲ ದೊಡ್ಡ ಕಪ್ ಅದು, ಎಮೆರಿಗೆ ನಾಲ್ಕನೇ ಯುರೋಪಾ. ಮೂರು ಯುಇಎಫ್‌ಎ ಕಪ್ (ಯುರೋಪಾದ ಹಳೆಯ ಹೆಸರು) ಗೆದ್ದ ಇಟಲಿಯ ಕೋಚ್ ಟ್ರಪಟೋನಿಯನ್ನು ದಾಟಿದರು. ಮರುವರ್ಷ ಚಾಂಪಿಯನ್ಸ್ ಲೀಗ್‌ನಲ್ಲಿ ಯುವೆಂಟಸ್, ಬಾಯರ್ನ್ ಎರಡನ್ನೂ ಹೊರಹಾಕಿ ಸೆಮಿಫೈನಲ್.

ಪ್ರಶ್ನೆ: ಆಸ್ಟನ್ ವಿಲ್ಲಾ ಡಿಫೆಂಡರ್‌ಗಳು ಅಷ್ಟು ಮೇಲೆ ಬಂದು ನಿಲ್ಲುತ್ತಾರೆ. ಹಿಂದೆ ಅರ್ಧ ಮೈದಾನ ಖಾಲಿ. ಇದು ಹುಚ್ಚಲ್ಲವೆ?

ಒಬ್ಬ ತಪ್ಪಿದರೆ ಹುಚ್ಚೇ. ನಾಲ್ವರೂ ಒಟ್ಟಿಗೆ ಚಲಿಸಿದರೆ ಇದಕ್ಕಿಂತ ಅಗ್ಗದ ಡಿಫೆನ್ಸ್ ಇಲ್ಲ.

ಮೊದಲು ನಿಯಮ. ಪಾಸ್ ಕೊಟ್ಟ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ಆಟಗಾರ ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲಿಗೆ ಹತ್ತಿರ ಇದ್ದು ಆಟದಲ್ಲಿ ತೊಡಗಿದರೆ ಆಫ್‌ಸೈಡ್. ಗೋಲ್ ಕಿಕ್, ಕಾರ್ನರ್, ಥ್ರೋ-ಇನ್‌ಗಳಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ‘ಪಾಸ್ ಕೊಟ್ಟ ಕ್ಷಣ’ ಎಂಬ ಮಾತಿನಲ್ಲೇ ಎಮೆರಿಯ ಇಡೀ ವ್ಯಾಪಾರ.

ಡಿಫೆಂಡರ್ ನೋಡಬೇಕಾದದ್ದು ಚೆಂಡು ಹಿಡಿದವನನ್ನು, ಓಡುವವನನ್ನಲ್ಲ. ಅವನ ಮೇಲೆ ಒತ್ತಡ ಇದೆಯೇ? ತಲೆ ಕೆಳಗಿದೆಯೇ, ಬೆನ್ನು ತಿರುಗಿದೆಯೇ? ಹಾಗಿದ್ದರೆ ಸಾಲು ಮುಂದೆ. ಚೆಂಡು ಹಿಂದಕ್ಕೆ ಪಾಸಾಯಿತೇ? ಅದು ಉರುಳುವಷ್ಟು ಹೊತ್ತೂ ಸಾಲು ಮುಂದೆ. ಅವನು ತಲೆ ಎತ್ತಿ, ಕಾಲು ಹಿಂದಕ್ಕೆಳೆದನೇ? ಆ ಕ್ಷಣ ನಿಲ್ಲು ಇಲ್ಲವೇ ಹಿಂದೆ ಓಡು. ಮೈ ಯಾವಾಗಲೂ ಅರ್ಧ ತಿರುಗಿರಬೇಕು. ಚೌಕವಾಗಿ ನಿಂತವನು ತಿರುಗುವಷ್ಟರಲ್ಲಿ ಎರಡು ಮೀಟರ್ ಹೋಗಿರುತ್ತದೆ. ಸಾಲು ತಪ್ಪಿ ನುಗ್ಗಿದವನಿಗೆ ಗೋಲ್‌ಕೀಪರ್ ಮಾರ್ಟಿನೆಸ್ ಬಾಕ್ಸಿನ ಹೊರಗೇ ಕಾದಿರುತ್ತಾನೆ.

ಕೆಡುವುದು ಮೂರು ಕಡೆ. ಚೆಂಡಿನಿಂದ ದೂರ ಇರುವ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಒಂದು ಹೆಜ್ಜೆ ಹಿಂದೆ ಉಳಿದರೆ ಎಲ್ಲರನ್ನೂ ಆನ್‌ಸೈಡ್ ಮಾಡಿಬಿಡುತ್ತಾನೆ. ಎರಡನೆಯದು, ಸ್ಟ್ರೈಕರ್ ಆಫ್‌ಸೈಡ್ ಆಗಿ ಸುಮ್ಮನೆ ನಿಂತಾಗ ಹಿಂದಿನಿಂದ ಮಿಡ್‌ಫೀಲ್ಡರ್ ಓಡಿಬರುವುದು. ಸಾಲಿಗೆ ಸ್ಟ್ರೈಕರ್ ಮೇಲೆ ಕಣ್ಣು, ಗೋಲು ಹೊಡೆಯುವವನು ಇನ್ನೊಬ್ಬ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಮುಂದಿನವರು ದಣಿದು ಚೆಂಡು ಹಿಡಿದವನ ಮೇಲೆ ಒತ್ತಡ ಬಿಟ್ಟರೂ ಸಾಲು ಮೇಲೆಯೇ ಇರುವುದು. 2023ರ ಆಗಸ್ಟ್‌ನಲ್ಲಿ ನ್ಯೂಕಾಸಲ್ ಎದುರು 5-1 ಸೋತ ಪಂದ್ಯದಲ್ಲಿ ಡಿಫೆಂಡರ್ ಮಿಂಗ್ಸ್ ಗಾಯಗೊಂಡು ಹೊರಹೋದ ಮೇಲೆ ಸಾಲಿನ ತಾಳವೇ ತಪ್ಪಿತ್ತು.

ಅದೇ ವರ್ಷ ಡಿಸೆಂಬರ್ 6ರಂದು ಮ್ಯಾಂಚೆಸ್ಟರ್ ಸಿಟಿ ವಿಲ್ಲಾ ಪಾರ್ಕಿಗೆ ಬಂದು ಹೊಡೆದ ಶಾಟುಗಳು ಎರಡು, ವಿಲ್ಲಾ 22. ಗೆಲುವು 1-0. ಮೂರು ದಿನಕ್ಕೆ ಆರ್ಸೆನಲ್ ಕೂಡ ಅಲ್ಲೇ 1-0 ಸೋತಿತು.

ಇದು ಕೈಗೂಡಿದ್ದು ಇಡೀ ಕ್ಲಬ್ಬು ಒಬ್ಬರ ಮಾತು ಕೇಳಿದ್ದರಿಂದ ಎಂಬುದು ನಮ್ಮ ಅಭಿಪ್ರಾಯ. 2021ರಲ್ಲಿ ನ್ಯೂಕಾಸಲ್ ಕರೆದಾಗ ಒಲ್ಲೆನೆಂದ ಎಮೆರಿ, 2022ರ ನವೆಂಬರಿನಲ್ಲಿ ವಿಲ್ಲಾಗೆ ಬಂದರು. ಹಿಂದಿನ ಕೋಚ್ ಜೆರಾರ್ಡ್ ಹೋದಾಗ ತಂಡ 17ನೇ ಸ್ಥಾನದಲ್ಲಿತ್ತು, ಸೀಸನ್ ಮುಗಿದಾಗ 7ನೇ. 2023ರಲ್ಲಿ ಆಟಗಾರರನ್ನು ಆರಿಸುವ ಹೊಣೆಗೆ ಸೆವಿಯಾದ ಹಳೆಯ ಜೊತೆಗಾರ ಮೊಂಚಿ ಬಂದರು, ವಿಯಾರಿಯಲ್‌ನಿಂದ ಡಿಫೆಂಡರ್ ಪಾವ್ ತೊರೆಸ್ ಬಂದ. ಅಂದರೆ ಪಾಠ ಗೊತ್ತಿದ್ದವರನ್ನೇ ತಂದರು. 2023-24ರಲ್ಲಿ 68 ಅಂಕ, 4ನೇ ಸ್ಥಾನ, ಚಾಂಪಿಯನ್ಸ್ ಲೀಗ್. ಅಲ್ಲಿ ಬಾಯರ್ನ್ ಮೇಲೆ 1-0 ಗೆದ್ದು, ಕ್ವಾರ್ಟರ್‌ಫೈನಲ್‌ನಲ್ಲಿ ಪಿಎಸ್‌ಜಿಗೆ ಒಟ್ಟು 5-4ರಿಂದ ಸೋತರು. 2024-25ರ ಆ ಲೀಗ್ ಸೀಸನ್ ಮುಗಿಸಿದ್ದು 6ನೇ ಸ್ಥಾನದಲ್ಲಿ. ನ್ಯೂಕಾಸಲ್‌ಗೂ ವಿಲ್ಲಾಗೂ ಸಮ ಅಂಕ, ಗೋಲು ವ್ಯತ್ಯಾಸದಲ್ಲಿ ಚಾಂಪಿಯನ್ಸ್ ಲೀಗ್ ತಪ್ಪಿತು.

ಪ್ರಶ್ನೆ: ವಿಲ್ಲಾ ಕೀಪರ್ ಕಾಲ ಕೆಳಗೆ ಚೆಂಡಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಾನೆ. ಸಮಯ ಕಳೆಯಲಿಕ್ಕೆ ತಾನೆ?

ಮುಂದಿದ್ದಾಗ ಅದೂ ಇರಬಹುದು. ಆದರೆ 0-0 ಇದ್ದಾಗಲೂ ನಿಲ್ಲುತ್ತಾನಲ್ಲ? ಸೆಕೆಂಡುಗಳ ಮಿತಿ ಚೆಂಡು ಕೈಯಲ್ಲಿದ್ದರೆ ಮಾತ್ರ, ಕಾಲಲ್ಲಿದ್ದರೆ ಇಲ್ಲ. ಅವನು ಕಾಯುವುದು ಎದುರಾಳಿ ಸ್ಟ್ರೈಕರ್ ತಾಳ್ಮೆಗೆಟ್ಟು ಓಡಿಬರಲಿ ಎಂದು. ಅವನು ಬಂದರೆ ಅವನ ಬೆನ್ನಿಗೆ ಜಾಗ ಬಿಡುತ್ತದೆ. ಅಲ್ಲಿಗೆ ಇಬ್ಬರು ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬ ಇಳಿದು ಚೆಂಡು ಪಡೆದು, ಒಂದೇ ತಟ್ಟಿಗೆ ಪಕ್ಕದವನಿಗೆ ಕೊಡುತ್ತಾನೆ. ಅಷ್ಟರಲ್ಲಿ ಎದುರಾಳಿಯ ಮಧ್ಯದ ಸಾಲು ಮುಂದೆ ಬಂದಿರುತ್ತದೆ, ಅದರ ಹಿಂದೆ ಬಯಲು. ಎದುರಾಳಿ ಡಿಫೆಂಡರ್ ಒಬ್ಬ ಆ ಬಯಲು ಮುಚ್ಚಲು ಹೆಜ್ಜೆ ಕಿತ್ತರೆ ಅವನು ಬಿಟ್ಟ ಸಂದಿಯಲ್ಲಿ ವಿಲ್ಲಾದ ಸ್ಟ್ರೈಕರ್ ವಾಟ್ಕಿನ್ಸ್ ಓಡುತ್ತಾನೆ. 2023-24ರ ಪ್ರೀಮಿಯರ್ ಲೀಗ್‌ನಲ್ಲಿ ಅವನ 19 ಗೋಲು, 13 ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್)ಗಳಲ್ಲಿ ಇಂಥ ಓಟಗಳ ಪಾಲು ದೊಡ್ಡದು.

ಎದುರಾಳಿ ಬಾರದೇ ನಿಂತರೆ? ಆಗ ಕೀಪರೂ ನಿಂತೇ ಇರುತ್ತಾನೆ, ಪ್ರೇಕ್ಷಕರು ಗೊಣಗುತ್ತಾರೆ. ಮುಂದಿನ ಸಲ ಟಿವಿಯಲ್ಲಿ ನೋಡುವಾಗ ಆ ಹೊತ್ತಿನಲ್ಲಿ ಚೆಂಡು ಬಿಟ್ಟು, ಮೈದಾನದಂಚಿನಲ್ಲಿ ಎಮೆರಿಯ ಕೈ ನೋಡಿ. ಅಂಗೈ ಕೆಳಗೆ ಮಾಡಿ ಒತ್ತುತ್ತಿರುತ್ತಾರೆ: ಇನ್ನೂ ಬೇಡ, ಇನ್ನೂ ಬೇಡ.